ಬಿಚ್ಚಿ ನೋಡಬಹುದಾದ ಪೆಟ್ಟಿಗೆ

ಮೊಳಕಾಲ್ಮೂರಿನ ಒಂದು ನೇಕಾರರ ಮನೆ, ಶುಕ್ರವಾರದ ಸಂಜೆ. ಮನೆಯ ಯಜಮಾನರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ಮಾತಾಡಿದರು. ನಾನು ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಅವರ ಮಗಳು ನಮ್ಮ ಶಾಲೆಯಲ್ಲಿ ಎಂಟನೇ ತರಗತಿ. ‘ಅವಳ ವಿಷಯ ಮಾತಾಡೋದೈತೆ, ಒಂದ್ಸಲ ಬಂದು ಹೋಗಿ’ ಅಂತ ಅವರೇ ಹೇಳಿ ಕಳಿಸಿದ್ದರು.

— ಮೇಷ್ಟ್ರೇ, ಸುತ್ತಿ ಬಳಸಿ ಹೇಳಲ್ಲ. ಶಾಲೆ ಕಂಪ್ಯೂಟರಿಂದ ವಿಂಡೋಸ್ ತೆಗೆದು ಅದೇನೋ ಬೇರೆ ಹಾಕಿದೀರಂತೆ. ಹುಡುಗಿ ಕುಣಿದಾಡ್ಕೊಂಡು ಬಂದು ಹೇಳ್ತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ.

— ಯಾಕಣ್ಣಾ?

— ಚಿತ್ರದುರ್ಗಕ್ಕೆ ಹೋಗ್ಲಿ, ಬಳ್ಳಾರಿಗೆ ಹೋಗ್ಲಿ, ಆಫೀಸಲ್ಲಿ ಇರೋದು ವಿಂಡೋಸು. ಚಳ್ಳಕೆರೆ ಎಣ್ಣೆ ಮಿಲ್ಲಲ್ಲಿ ಲೆಕ್ಕ ಬರೆಯೋಕೆ ಟ್ಯಾಲಿ ಬರ್ತೈತಾ ಅಂತ ಕೇಳ್ತಾರೆ. ಯಾರೂ ಕೇಳದ್ದನ್ನ ನಮ್ಮ ಮಕ್ಕಳಿಗೆ ಕಲಿಸಿದ್ರೆ ಏನು ಬಂತು? ಬಡವರ ಮಕ್ಕಳು, ಪುಕ್ಕಟೆ ಸಿಕ್ಕಿದ್ದು ಸಾಕು ಅಂದಂಗೆ ಆಗಲ್ವಾ?

ಕೊನೆಯ ಮಾತು ನನಗೆ ನಾಟಿತು. ನಮ್ಮ ಶಾಲೆಗಳಿಗೆ ಬಂದು ಬೀಳುವ ಎಷ್ಟೋ ವಸ್ತುಗಳು ಬೇರೆ ಕಡೆ ಬೇಡವಾದವೇ. ಆ ಅನುಮಾನ ಪಡುವ ಹಕ್ಕು ಅವರಿಗೆ ಪೂರಾ ಇದೆ.

— ಪುಕ್ಕಟೆ ಅನ್ನೋದನ್ನ ಆಮೇಲೆ ನೋಡೋಣ. ಮೊದಲು ನಡೆದದ್ದು ಹೇಳ್ತೀನಿ. ಲ್ಯಾಬಿನಲ್ಲಿ ಹತ್ತು ಕಂಪ್ಯೂಟರಿದ್ದವು, ಏಳ್ತಿದ್ದದ್ದು ನಾಲ್ಕು. ಆ ನಾಲ್ಕೂ ಬಟನ್ ಒತ್ತಿದ ಮೇಲೆ ಕಣ್ಣು ಬಿಡೋಕೆ ಹತ್ತು ನಿಮಿಷ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಕನಿಷ್ಠ ನಾಲ್ಕು ಜಿಬಿ ರ‍್ಯಾಮ್ ಬೇಕು, ಟಿಪಿಎಂ 2.0 ಅನ್ನೋ ಒಂದು ಭದ್ರತಾ ಚಿಪ್ ಬೇಕು. ನಮ್ಮವು ಎರಡು ಜಿಬಿಯವು, ಆ ಚಿಪ್ ಹುಟ್ಟೋಕೆ ಮುಂಚಿನವು. ಗುಜರಿಗೆ ಹಾಕಬೇಕಿತ್ತು. ಅದರ ಬದಲು ಲಿನಕ್ಸ್‌ನ ಒಂದು ಹಗುರ ರೂಪ ಹಾಕಿದ್ವಿ. ಈಗ ಒಂಬತ್ತು ಓಡ್ತಿವೆ. ಹತ್ತನೇದರ ಮದರ್‌ಬೋರ್ಡೇ ಸುಟ್ಟಿತ್ತು.

— ಒಂಬತ್ತೂ ಓಡ್ತವಾ?

— ಒಂಬತ್ತೂ. ನಿಮ್ಮ ಮಗಳು ಕೂರೋದು ಮೂರನೇದ್ರಲ್ಲಿ.

— ಸರಿ, ಆದ್ರೂ ಒಂದು ಮಾತು. ಪೇಟೆಲಿ ಐನೂರು ರೂಪಾಯಿ ಕೊಟ್ರೆ ಹಳೇ ಕಂಪ್ಯೂಟರಿಗೂ ವಿಂಡೋಸ್ ಹಾಕಿ ಕೊಡ್ತಾರೆ. ನಾನು ಹೋದ ವರ್ಷ ಹುಡುಗಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದೆ, ಅಲ್ಲಿರೋದೆಲ್ಲ ಹಂಗೆ ಹಾಕಿದ್ದೇ.

— ಅಲ್ಲಿ ಏನು ಕಲಿತಳು?

— ಅದನ್ನ ಕೇಳಬೇಡಿ. ಮೂರು ತಿಂಗಳು ಫೀಸು ಕಟ್ಟಿದೆ. ‘ಇಲ್ಲಿ ಒತ್ತು, ಅಲ್ಲಿ ಒತ್ತು’ ಅಂತ ನೋಟ್ಸ್ ಬರೆಸಿದ್ರು. ಬೇರೆ ಕಂಪ್ಯೂಟರ್ ಮುಂದೆ ಕೂತರೆ ಬಟನ್ ಅದೇ ಜಾಗದಲ್ಲಿ ಇರಲ್ಲ, ಹುಡುಗಿ ಕೈಕಟ್ಟಿ ಕೂರ್ತಿತ್ತು. ಒಂದಿನ ವೈರಸ್ ಬಂದು ಅದು ಮಾಡಿಟ್ಟಿದ್ದೆಲ್ಲ ಹೋಯ್ತು.

— ಆ ಐನೂರು ರೂಪಾಯಿ ವಿಂಡೋಸ್ ಕಳವಿನ ಪ್ರತಿ ಅಣ್ಣಾ. ಮೇಷ್ಟ್ರಾಗಿ ನಾನು ಎಷ್ಟೋ ವರ್ಷ ಅದನ್ನೇ ಬಳಸಿದೀನಿ, ಅದರ ಮುಂದೆ ಮಕ್ಕಳನ್ನ ಕೂರಿಸಿದೀನಿ. ‘ಕದೀಬಾರದು, ಹುಸಿ ನುಡಿಯಬಾರದು’ ಅಂತ ಬೆಳಗ್ಗೆ ಪ್ರಾರ್ಥನೆಲಿ ಹೇಳಿಸಿ, ಮಧ್ಯಾಹ್ನ ಕದ್ದ ಮಾಲಿನ ಮೇಲೆ ಪಾಠ ಮಾಡ್ತಿದ್ದೆ. ಒಂದು ಮಗು ನನ್ನ ಹತ್ರ ಬಂದು ‘ಸಾರ್, ಇದರದ್ದೊಂದು ಕಾಪಿ ನಮ್ಮಣ್ಣನಿಗೆ ಕೊಡ್ತೀರಾ’ ಅಂತ ಕೇಳ್ತು. ಕೊಟ್ರೆ ತಪ್ಪು, ಕೊಡದಿದ್ರೂ ಮನಸ್ಸು ಒಪ್ಪಲ್ಲ. ತಿಂಡಿ ಹಂಚ್ಕೊಂಡು ತಿನ್ನಿ ಅನ್ನೋ ಬಾಯಲ್ಲಿ ಇದನ್ನ ಹಂಚಬೇಡಿ ಅಂತ ಹೇಳಬೇಕಲ್ಲ. ಲಿನಕ್ಸ್ ಹಾಕಿದ ಮೇಲೆ ಅದೇ ಪ್ರಶ್ನೆ ಬಂದಾಗ ‘ಪೆನ್‌ಡ್ರೈವ್ ತಗೊಂಡು ಬಾ’ ಅಂದೆ. ಅಷ್ಟು ನೆಮ್ಮದಿಯಾಗಿ ಮಗುವಿಗೆ ಉತ್ತರ ಕೊಟ್ಟು ವರ್ಷಗಳಾಗಿದ್ದವು.

ಅವರು ಲಾಳಿಯನ್ನು ಕೈಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

— ಹುಡುಗಿ ಮನೆಗೆ ಬಂದು ‘ಅಪ್ಪ, ಇವತ್ತು ನಾನು ಕಂಪ್ಯೂಟರ್ ಕೆಡಿಸಿದೆ’ ಅಂತು. ನೀವು ಬೈದೇ ಇಲ್ಲವಂತೆ?

— ಬೈಯೋದೆಲ್ಲಿ ಬಂತು, ನಾನೇ ಕೆಡಿಸೋಕೆ ಹೇಳಿದ್ದೆ. ಮೊದಲ ವಾರ ಕಂಪ್ಯೂಟರಿಗೆ ಏನನ್ನೂ ಹಾಕಿರಲಿಲ್ಲ. ಲಿನಕ್ಸನ್ನ ಪೆನ್‌ಡ್ರೈವಿಂದಲೇ ಓಡಿಸಿ ನೋಡಬಹುದು, ಒಳಗಿನ ಡಿಸ್ಕ್ ಮುಟ್ಟೋದೇ ಬೇಡ. ಎಂಟು ಜಿಬಿದು ಒಂದು ಪೆನ್‌ಡ್ರೈವ್ ಸಾಕು. ಏನೇ ಗೋಳಾದ್ರೂ ಅದನ್ನ ಕಿತ್ತು ಮತ್ತೆ ಚಾಲೂ ಮಾಡಿದ್ರೆ ಎಲ್ಲ ಮೊದಲಿನ ಹಾಗೆ. ಹೀಗಂತ ಗೊತ್ತಾದ ಕೂಡಲೇ ಮಕ್ಕಳ ಕೈಯ ಹೆದರಿಕೆ ಹೋಯ್ತು. ನಮ್ಮ ಲ್ಯಾಬುಗಳಲ್ಲಿ ಗೋಡೆ ಮೇಲೆ ಬರೆದಿರ್ತಾರೆ ನೋಡಿ, ‘ಅನುಮತಿ ಇಲ್ಲದೆ ಮುಟ್ಟಬಾರದು’ ಅಂತ. ಮುಟ್ಟದೆ ಕಲಿಯೋದಾದ್ರೂ ಹೇಗೆ? ನಿಮ್ಮ ಮಗಳು ಪರದೆ ಕೆಳಗಿನ ಪಟ್ಟಿಯನ್ನೇ ಅಳಿಸಿಬಿಟ್ಟಳು. ಅಳುಮುಖ ಮಾಡ್ಕೊಂಡು ನಿಂತಳು. ‘ಕಿತ್ತು ಮತ್ತೆ ಹಾಕು’ ಅಂದೆ. ಹಾಕಿದಳು, ಪಟ್ಟಿ ವಾಪಸ್ ಬಂತು. ಆಮೇಲೆ ಬೇಕೂಂತಲೇ ಇನ್ನೆರಡು ಸಲ ಅಳಿಸಿ ನೋಡಿದಳು.

— ಚಿಕ್ಕೋರಿದ್ದಾಗ ನಾವೂ ಹಿಂಗೇ. ಅಪ್ಪ ಊಟಕ್ಕೆ ಎದ್ದಾಗ ಮಗ್ಗ ಹತ್ತಿ ಎಳೆ ಹರೀತಿದ್ವಿ. ಹರಿದ ಎಳೆ ಕೂಡಿಸೋದನ್ನ ಅಪ್ಪ ಕಲಿಸಿದ್ದು ಹಂಗೇಯ.

— ಹೊಡೀತಿರಲಿಲ್ವಾ?

— ಒಂದೇಟು ಬೀಳೋದು. ಆಮೇಲೆ ಕೂಡಿಸು ಅಂತ ಎಳೆ ಕೈಗೆ ಕೊಡೋರು.

— ನಾಲ್ಕನೇ, ಐದನೇ ತರಗತಿಯವರಿಗೆ ಟಕ್ಸ್ ಪೇಂಟ್ ಅಂತ ಚಿತ್ರ ಬರೆಯೋ ತಂತ್ರಾಂಶ ಹಾಕಿದೀನಿ. 2002ರಲ್ಲಿ ಒಬ್ಬರು ಮಕ್ಕಳಿಗಾಗಿಯೇ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಇನ್ನೊಂದು ಜಿಕಾಂಪ್ರಿ ಅಂತ. ಲೆಕ್ಕ, ಅಕ್ಷರ, ಮೌಸ್ ಹಿಡಿಯೋದು, ಎಲ್ಲಕ್ಕೂ ಆಟ ಇದೆ ಅದರಲ್ಲಿ. ದೊಡ್ಡವರಿಗೆ ಸ್ಟೆಲೇರಿಯಂ, ಇವತ್ತು ರಾತ್ರಿ ಮೊಳಕಾಲ್ಮೂರಿನ ಆಕಾಶದಲ್ಲಿ ಯಾವ ನಕ್ಷತ್ರ ಎಲ್ಲಿ ಅಂತ ಪರದೆ ಮೇಲೆ ತೋರಿಸುತ್ತೆ. ಲ್ಯಾಬಲ್ಲಿ ನೋಡಿಕೊಂಡು ಹೋದ ಹುಡುಗರು ರಾತ್ರಿ ಅದನ್ನೇ ಮಾಳಿಗೆ ಮೇಲೆ ನಿಂತು ಹುಡುಕಿದ್ರಂತೆ. ಆದ್ರೆ ನಿಮಗೆ ತೋರಿಸಬೇಕಾದ್ದು ಬೇರೆ. ಅವಳು ಮನೇಲಿ ಹೇಳಲಿಲ್ವಾ, ಆಮೆ ವಿಷಯ?

— ಯಾವ ಆಮೆ?

— ಕೆಟರ್ಟಲ್ ಅಂತ ಒಂದು ತಂತ್ರಾಂಶ. ಪರದೆ ಮೇಲೆ ಒಂದು ಆಮೆ. ಇಷ್ಟು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು ಅಂತ ಬರೆದ್ರೆ ಗೆರೆ ಎಳೀತಾ ಹೋಗುತ್ತೆ. ಆ ಆದೇಶದ ಪದಗಳನ್ನೂ ಮಕ್ಕಳ ನುಡಿಗೆ ಅನುವಾದ ಮಾಡಿಕೊಳ್ಳೋ ಹಾಗೆ ಕಟ್ಟಿದಾರೆ. ಎಲ್ಲರೂ ಚೌಕ ಬರೆದ್ರು, ಮನೆ ಬರೆದ್ರು. ನಿಮ್ಮ ಮಗಳು ನಿಮ್ಮ ಸೀರೆಯ ಗೋಪುರದಂಚು ಬರೆದಳು. ಒಂದು ಗೋಪುರಕ್ಕೆ ಹನ್ನೆರಡು ಸಾಲು ಆದೇಶ ಬೇಕಾಯ್ತು. ಇಪ್ಪತ್ತು ಗೋಪುರಕ್ಕೆ ಇನ್ನೂರ ನಲವತ್ತು ಸಾಲು ಬರೀಬೇಕಲ್ಲ ಅಂತ ಎಲ್ಲರೂ ಗೊಣಗ್ತಿದ್ರೆ ಇವಳು ಮಾತ್ರ ‘ಸಾರ್, ಇದನ್ನ ಸರ ಮಾಡಕಾಗಲ್ವಾ’ ಅಂದಳು. ಸರ ಅಂದ್ರೇನು ಅಂತ ನನಗೆ ಅರ್ಥ ಆಗಲಿಲ್ಲ.

ಅವರು ಜೋರಾಗಿ ನಕ್ಕು ಗುಂಡಿಯಿಂದ ಎದ್ದು ಬಂದರು. ಮಗ್ಗದ ಮೇಲೆ ಕೂರಿಸಿದ್ದ ಜಕಾರ್ಡ್ ಪೆಟ್ಟಿಗೆಯಿಂದ ತೂತು ಹೊಡೆದ ರಟ್ಟುಗಳು ಒಂದಕ್ಕೊಂದು ಹೊಲಿದುಕೊಂಡು ಇಳಿಬಿದ್ದಿದ್ದವು. ಅವನ್ನು ಕೈಯಲ್ಲಿ ಎತ್ತಿ ತೋರಿಸಿದರು.

— ಇದು ಮೇಷ್ಟ್ರೇ ಸರ. ಒಂದು ರಟ್ಟಿಗೆ ಒಂದು ಹೊಕ್ಕು. ಎಲ್ಲಿ ತೂತೈತೋ ಅಲ್ಲಿ ಸೂಜಿ ಒಳಗೆ ಹೋಗ್ತೈತೆ, ಆ ಎಳೆ ಮೇಲೇಳ್ತೈತೆ. ತೂತಿಲ್ಲದ ಕಡೆ ಏಳಲ್ಲ. ಒಂದು ಗೋಪುರಕ್ಕೆ ಎಷ್ಟು ರಟ್ಟು ಬೇಕೋ ಅಷ್ಟನ್ನ ಹೊಲಿದು ಕೊನೇದನ್ನ ಮೊದಲನೇದಕ್ಕೆ ಕಟ್ಟಿಬಿಡ್ತೀವಿ. ಸುತ್ತಿ ಬಂದ್ರೆ ಮತ್ತೆ ಅದೇ ಗೋಪುರ. ಸೀರೆ ಪೂರಾ ಅಂಚಿಗೆ ಇಷ್ಟೇ ರಟ್ಟು ಸಾಕು. ಹುಡುಗಿ ತೊಟ್ಟಿಲಲ್ಲಿದ್ದಾಗಿಂದ ನೋಡೈತಲ್ಲ ಇದನ್ನ.

— ಕಂಪ್ಯೂಟರಿನವರು ಅದಕ್ಕೆ ಲೂಪ್ ಅಂತಾರೆ. ನಾನು ಆ ಪಾಠವನ್ನ ಮೂರು ಪೀರಿಯಡ್ ಮಾಡ್ತಿದ್ದೆ, ಆ ದಿನ ಅವಳೇ ಎದ್ದು ನಿಂತು ಐದು ನಿಮಿಷದಲ್ಲಿ ಮುಗಿಸಿದಳು. ಈ ರಟ್ಟಿನ ಪೆಟ್ಟಿಗೆ ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಅನ್ನೋರು 1804ರಲ್ಲಿ ಮಾಡಿದ್ದು. ಇಂಗ್ಲೆಂಡಿನ ಬ್ಯಾಬೇಜ್ ಲೆಕ್ಕ ಮಾಡೋ ಯಂತ್ರ ಕಟ್ಟೋಕೆ ಹೊರಟಾಗ ತೂತಿನ ರಟ್ಟಿನ ಉಪಾಯವನ್ನ ಮಗ್ಗದಿಂದಲೇ ತಗೊಂಡರು. ಹಾಗಾಗಿ ಕಂಪ್ಯೂಟರ್ ನಿಮ್ಮ ಮನೆಗೆ ಹೊಸ ನೆಂಟ ಏನಲ್ಲ.

— ಅದಿರಲಿ. ಒಂದು ರಟ್ಟು ಹರಿದ್ರೆ ಏನ್ಮಾಡ್ತೀವಿ ಗೊತ್ತಾ? ಹೊಸ ರಟ್ಟು ತಂದು ಹಳೇದನ್ನ ಮೇಲಿಟ್ಟು ನಾವೇ ತೂತು ಹೊಡ್ಕೊತೀವಿ. ಯಾರನ್ನೂ ಕಾಯಲ್ಲ. ನಮ್ಮ ಷಡ್ಡಕ ಬೇರೆ ಊರಲ್ಲಿ ಎಲೆಕ್ಟ್ರಾನಿಕ್ ಜಕಾರ್ಡ್ ಹಾಕ್ಸಿದಾನೆ. ರಟ್ಟಿಲ್ಲ ಏನಿಲ್ಲ, ಡಿಸೈನೆಲ್ಲ ಪೆನ್‌ಡ್ರೈವಲ್ಲೇ. ಅಂಚು ಬದಲಾಯಿಸೋದು ಒಂದು ಗಳಿಗೆ ಕೆಲಸ. ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ. ಒಂದ್ಸಲ ಡಬ್ಬಿ ನಿಂತೋಯ್ತು. ತೆಗೆದು ನೋಡೋಣ ಅಂದ್ರೆ ಸೀಲು. ಬಿಚ್ಚಿದ್ರೆ ಗ್ಯಾರಂಟಿ ಇಲ್ಲ ಅಂತ. ಕಂಪನಿ ಮನುಷ್ಯ ಬರೋಕೆ ಎಂಟು ದಿನ ಹಿಡೀತು. ಎಂಟು ದಿನ ಮಗ್ಗ ಬಂದ್. ಹಳೇ ಡಿಸೈನ್ ಬೇರೆ ಸಾಫ್ಟ್‌ವೇರಲ್ಲಿ ತೆರೀಲೇ ಇಲ್ಲವಂತೆ. ಅವನ ಡಿಸೈನು, ಅವನ ದುಡ್ಡು, ಆದ್ರೂ ಅವನ ಕೈಗಿಲ್ಲ.

ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ಈ ಮಾತು ಕೇಳಿದ ಮೇಲೆ ಅದರ ಅಗತ್ಯ ಕಾಣಲಿಲ್ಲ.

— ನಾನು ನಿಮಗೆ ಹೇಳಬೇಕು ಅಂದ್ಕೊಂಡದ್ದು ಇದನ್ನೇ ಅಣ್ಣಾ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಅಂತ ಒಬ್ಬರು ಕೆಲಸ ಮಾಡ್ತಿದ್ರು. ಅವರ ಪ್ರಯೋಗಾಲಯಕ್ಕೊಂದು ಹೊಸ ಪ್ರಿಂಟರ್ ಬಂತು. ಕಾಗದ ಸಿಕ್ಕಿಹಾಕ್ಕೊಂಡ್ರೆ ಎಲ್ಲರಿಗೂ ಗೊತ್ತಾಗೋ ಹಾಗೆ ಅದರ ತಂತ್ರಾಂಶವನ್ನ ತಿದ್ದೋಣ ಅಂತ ಹೊರಟರು. ಹಳೇ ಪ್ರಿಂಟರಿಗೆ ಹಾಗೆ ತಿದ್ದಿದ್ರು ಕೂಡ. ಹೊಸದಕ್ಕೆ ಮೂಲ ಬರಹವನ್ನೇ ಕೊಟ್ಟಿರಲಿಲ್ಲ. ಬರಹ ಇಟ್ಟುಕೊಂಡಿದ್ದವರನ್ನ ಹುಡುಕಿಕೊಂಡು ಹೋಗಿ ಕೇಳಿದ್ರೆ, ಯಾರಿಗೂ ಕೊಡಲ್ಲ ಅಂತ ಕಂಪನಿಗೆ ಮಾತು ಕೊಟ್ಟಿದೀನಿ ಅಂದುಬಿಟ್ರು. ನಿಮ್ಮ ಷಡ್ಡಕರ ಡಬ್ಬಿ ಕಥೆಯೇ. ಅದು ಅವರ ಮನಸ್ಸಿನಲ್ಲಿ ಕೂತುಬಿಡ್ತು. ಯಾರು ಬೇಕಾದ್ರೂ ಓಡಿಸಬಹುದಾದ, ಬಿಚ್ಚಿ ನೋಡಬಹುದಾದ, ಪ್ರತಿ ಮಾಡಿ ಕೊಡಬಹುದಾದ, ತಿದ್ದಿದ್ದನ್ನೂ ಹಂಚಬಹುದಾದ ಒಂದು ಪೂರ್ತಿ ವ್ಯವಸ್ಥೆ ಕಟ್ತೀನಿ ಅಂತ 1983ರಲ್ಲಿ ಸಾರಿದರು. ಅದಕ್ಕೆ ಗ್ನೂ ಅಂತ ಹೆಸರು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಅದಕ್ಕೆ ಹೊಂದೋ ತಿರುಳನ್ನ ಬರೆದರು. ಆಗ ಅವರಿಗೆ ಇಪ್ಪತ್ತೊಂದು, ಇನ್ನೂ ವಿದ್ಯಾರ್ಥಿ. ಆ ತಿರುಳೇ ಲಿನಕ್ಸ್.

— ಅಂದ್ರೆ ಪುಕ್ಕಟೆ ಅನ್ನೋದು ಮುಖ್ಯ ಅಲ್ಲ.

— ಪುಕ್ಕಟೆ ಆದದ್ದು ಒಳ್ಳೇದೇ ಆಯ್ತು, ನಮ್ಮ ಶಾಲೆಗೆ ದುಡ್ಡೆಲ್ಲಿದೆ? ಆದ್ರೆ ನಾಳೆ ಯಾರಾದ್ರೂ ವಿಂಡೋಸನ್ನೂ ಪುಕ್ಕಟೆ ಕೊಟ್ಟರು ಅಂದ್ಕೊಳ್ಳಿ, ನಾನು ವಾಪಸ್ ಹೋಗಲ್ಲ. ಮಗು ಮೊದಲ ಸಲ ನೋಡೋ ಕಂಪ್ಯೂಟರ್ ಬಿಚ್ಚೋಕೆ ಬರೋ ಅಂಥದ್ದಾಗಿರಬೇಕು. ಸೀಲು ಹಾಕಿದ್ದನ್ನೇ ಮೊದಲು ನೋಡಿದ ಮಗು, ಜಗತ್ತಲ್ಲಿ ಎಲ್ಲ ಡಬ್ಬಿಗಳೂ ಹೀಗೇ, ಒಳಗಿರೋದು ಬೇರೆ ಯಾರಿಗೋ ಸೇರಿದ್ದು, ನನ್ನ ಕೆಲಸ ಬಟನ್ ಒತ್ತೋದು ಅಂತ ನಂಬಿಬಿಡುತ್ತೆ. ಮೊಬೈಲ್ ಈಗಾಗಲೇ ಅದನ್ನ ಕಲಿಸ್ತಿದೆ. ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ತಿರುಳೇ ಇದೆ, ಆದ್ರೆ ಮಗುವಿಗೆ ಕಾಣೋದು ಮೇಲಿನ ಗಾಜು ಮಾತ್ರ.

— ಯಾರೂ ಬಳಸಲ್ಲ ಅಂತ ನಾನಂದೆ. ನನ್ನ ಜೇಬಲ್ಲೇ ಐತೆ ಅಂತೀರಲ್ಲ!

— ಜೇಬಲ್ಲಷ್ಟೇ ಅಲ್ಲ. ಜಗತ್ತಿನ ಅತಿ ವೇಗದ ಐನೂರು ಸೂಪರ್ ಕಂಪ್ಯೂಟರುಗಳ ಪಟ್ಟಿ ಒಂದಿದೆ. 2017ರ ನವೆಂಬರ್‌ನಿಂದ ಆ ಐನೂರೂ ಲಿನಕ್ಸಿನವೇ. ನಮ್ಮ ನಾಡಿನದೂ ಒಂದು ಕಥೆ ಇದೆ. ಈಗ ಚಳ್ಳಕೆರೆ ಕಡೆ ಕುದಾಪುರದ ಹತ್ತಿರ ಕ್ಯಾಂಪಸ್ ಮಾಡಿರೋ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ ಇದೆಯಲ್ಲ, ಅದರ ಪ್ರಾಧ್ಯಾಪಕರು ಬೆಂಗಳೂರಿನ ಒಂದು ಕಂಪನಿ ಜತೆ ಸೇರಿ ಈ ಶತಮಾನದ ಶುರುವಿನಲ್ಲಿ ಸಿಂಪ್ಯೂಟರ್ ಅಂತ ಅಂಗೈ ಅಗಲದ ಕಂಪ್ಯೂಟರ್ ಮಾಡಿದ್ರು. ಓದು ಬರದವರಿಗೂ ಆಗಲಿ ಅಂತ ಕನ್ನಡದಲ್ಲಿ ಓದಿ ಹೇಳ್ತಿತ್ತು. ಓಡ್ತಿದ್ದದ್ದು ಲಿನಕ್ಸಿನ ಮೇಲೆ. ಪೇಟೆಯಲ್ಲಿ ಅದು ನಿಲ್ಲಲಿಲ್ಲ, ನಿಲ್ಲಬೇಕಿತ್ತು.

ಒಳಗಿನಿಂದ ಟೀ ಬಂತು. ಲೋಟ ಕೆಳಗಿಟ್ಟು ಅವರು ಮತ್ತೆ ಗುಂಡಿಗಿಳಿದರು. ಬಾಗಿಲಾಚೆ ನುಂಕೆಮಲೆ ಬೆಟ್ಟದ ಮೇಲೆ ಬಿಸಿಲು ಇನ್ನೂ ಇತ್ತು.

— ಒಂದು ಅನುಮಾನ ಮೇಷ್ಟ್ರೇ. ಅಷ್ಟು ಕಷ್ಟಪಟ್ಟು ಬರೆದು, ಯಾರು ಬೇಕಾದ್ರೂ ಪ್ರತಿ ಮಾಡ್ಕೊಳ್ಳಿ ಅಂತ ಬಿಟ್ರೆ ಬರೆದೋನಿಗೆ ಏನು ಸಿಕ್ತು? ಹೆಸರೂ ಹೋಗಲ್ವಾ?

— ಹೆಸರು ಹೋಗಲ್ಲ, ಅದು ಕರಾರಿನಲ್ಲೇ ಇದೆ. ನೀವು ಬ್ರಹ್ಮಗಿರಿಗೆ ಹೋಗಿದೀರಲ್ಲ?

— ಸಿದ್ದಾಪುರದ ಹತ್ರದ್ದು. ಅಶೋಕನ ಶಾಸನ. ಶಾಲೆಲಿದ್ದಾಗ ಕರ್ಕೊಂಡು ಹೋಗಿದ್ರು.

— ನಮ್ಮ ತಾಲ್ಲೂಕಲ್ಲಿ ಅದೇ ಶಾಸನ ಮೂರು ಕಡೆ ಇದೆ. ಬ್ರಹ್ಮಗಿರಿಲಿ, ಸಿದ್ದಾಪುರದಲ್ಲಿ, ಜಟಿಂಗರಾಮೇಶ್ವರ ಬೆಟ್ಟದಲ್ಲಿ. ಒಂದೇ ಬರಹ, ಮೂರು ಪ್ರತಿ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಇವನ್ನ ಪತ್ತೆ ಮಾಡಿದ್ರು. ದಾರಿಲಿ ಹೋಗೋರು ಓದ್ಲಿ, ಬಾಯಿಂದ ಬಾಯಿಗೆ ಹೋಗ್ಲಿ ಅಂತಲೇ ಬಂಡೆ ಮೇಲೆ ಬಯಲಲ್ಲಿ ಬರೆದದ್ದು. ಕೊನೇಲಿ ಬರೆದವನ ಹೆಸರಿದೆ, ಚಪಡ ಅಂತ. ಶಾಸನ ಪೂರಾ ಬ್ರಾಹ್ಮಿ ಲಿಪಿ. ಆದ್ರೆ ‘ಲಿಪಿಕಾರ’ ಅನ್ನೋ ತನ್ನ ಕಸುಬಿನ ಮಾತನ್ನ ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಲಿ ಕೆತ್ತಿದಾನೆ. ಅವನು ಪ್ರತಿ ಮಾಡಿದ, ಹೆಸರು ಉಳೀತು, ಎರಡು ಸಾವಿರದ ಇನ್ನೂರು ವರ್ಷ ಆದ್ಮೇಲೂ ನಾನು ನಿಮಗೆ ಅವನ ಹೆಸರು ಹೇಳ್ತಿದೀನಿ. ಲಿನಕ್ಸಿನಂಥ ಮುಕ್ತ ತಂತ್ರಾಂಶದ ಕಡತ ತೆರೆದ್ರೂ ಅಷ್ಟೇ. ಮೇಲ್ಗಡೆ ಬರೆದವರ ಹೆಸರು, ವರ್ಷ, ಆಮೇಲೆ ತಿದ್ದಿದವರ ಹೆಸರು. ಅದನ್ನ ಅಳಿಸೋ ಹಾಗಿಲ್ಲ. ಗ್ನೂ ಪರವಾನಗಿ ಇನ್ನೂ ಒಂದು ಮಾತು ಕೇಳುತ್ತೆ: ನೀನು ತಿದ್ದಿ ಬೇರೆಯವರಿಗೆ ಕೊಡುವಾಗ, ನಿನಗೆ ಸಿಕ್ಕ ಹಕ್ಕನ್ನೆಲ್ಲ ಅವರಿಗೂ ಕೊಡು.

— ಕನ್ನಡದೋರ ಹೆಸರೂ ಐತಾ ಅದರಲ್ಲಿ?

— ಬೇಕಾದಷ್ಟು. ಉಬುಂಟು ಅಂತ ಲಿನಕ್ಸಿನದೇ ಒಂದು ರೂಪ, ಅದರಲ್ಲಿ ಕನ್ನಡದ ಎರಡು ಅಕ್ಷರ ವಿನ್ಯಾಸ ಸಿಗುತ್ತೆ, ಒಂದರ ಹೆಸರು ನವಿಲು, ಇನ್ನೊಂದರದ್ದು ಗುಬ್ಬಿ. ಅರವಿಂದ ವಿ.ಕೆ. ಅನ್ನೋರು ಮಾಡಿ ಬಿಟ್ಟುಕೊಟ್ಟದ್ದು. ಟೈಪ್ ಮಾಡೋ ಕೀಲಿಗಳ ಜೋಡಣೆಗೆ ಬೇರು ಕೆ.ಪಿ. ರಾವ್ ಅವರ ವಿನ್ಯಾಸ. ಮೆನುವಿನ ಪದಗಳನ್ನ ಸಂಬಳ ಇಲ್ಲದೆ ರಾತ್ರಿ ಕೂತು ಕನ್ನಡಕ್ಕೆ ತಂದವರು ಎಷ್ಟೋ ಜನ. ಕೆಲವು ಪದ ಮಕ್ಕಳಿಗೆ ತಿಳಿಯಲ್ಲ, ಒಪ್ತೀನಿ. ಆಗ ನಾನು ಅವರನ್ನೇ ಕೇಳ್ತೀನಿ: ನೀವಾದ್ರೆ ಏನಂತ ಬರೀತೀರಿ? ಬರೆದು ಕಳಿಸಿದ್ರೆ ಮುಂದಿನ ಆವೃತ್ತಿಲಿ ಅದೇ ಪದ ಬರಬಹುದು. ಬೀಗ ಹಾಕಿದ ತಂತ್ರಾಂಶದಲ್ಲಿ ಎಂಟನೇ ತರಗತಿ ಹುಡುಗಿಗೆ ಈ ಅವಕಾಶ ಸಿಗಲ್ಲ.

— ಎಲ್ಲ ಚೆನ್ನಾಗೈತೆ ಅಂತೀರಿ. ತೊಂದರೆ ಒಂದೂ ಇಲ್ವಾ?

— ಇವೆ. ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಇಲಾಖೆ ಕಡತ ತೆರೆದ್ರೆ ಅಕ್ಷರ ಕಲಸಿಹೋಗುತ್ತೆ, ಯೂನಿಕೋಡ್‌ಗೆ ಬದಲಾಯಿಸ್ಕೋಬೇಕು. ನಮ್ಮ ಪ್ರಿಂಟರ್ ಮಾತು ಕೇಳೋಕೆ ಎರಡು ದಿನ ತಗೊಳ್ತು. ಟ್ಯಾಲಿ ನೇರವಾಗಿ ಓಡಲ್ಲ. ಪೇಟೆಲಿ ರಿಪೇರಿಯವರನ್ನ ಕರೆದ್ರೆ ‘ಇದನ್ನ ತೆಗೆದು ವಿಂಡೋಸ್ ಹಾಕಿಬಿಡ್ತೀನಿ’ ಅನ್ನೋದೇ ಅವರ ಮೊದಲ ಮಾತು.

— ನೋಡಿದ್ರಾ, ಮತ್ತೆ ಕೆಲಸದ ಮಾತಿಗೇ ಬಂತು.

— ಬರಲಿ. ಲಿಬ್ರೆ ಆಫೀಸಿನಲ್ಲಿ ಪತ್ರ ಬರೆಯೋದು, ಲೆಕ್ಕದ ಹಾಳೆ ಮಾಡೋದು ಕಲಿತ ಹುಡುಗಿ ಎಕ್ಸೆಲ್ ಮುಂದೆ ಕೂತರೆ ಒಂದು ವಾರ ತಡಕಾಡ್ತಾಳೆ, ಆಮೇಲೆ ಓಡ್ತಾಳೆ. ಟ್ಯಾಲಿ ಬೇಕಾದಾಗ ಮೂರು ತಿಂಗಳಲ್ಲಿ ಕಲೀಬಹುದು. ಅವಳಿಗೀಗ ಹದಿಮೂರು. ಕೆಲಸಕ್ಕೆ ಹೋಗೋ ಹೊತ್ತಿಗೆ ಯಾವ ಬಟನ್ ಯಾವ ಮೂಲೆಲಿರುತ್ತೋ ಆ ಕಂಪನಿಯವರಿಗೂ ಗೊತ್ತಿಲ್ಲ. ಹಾಸು, ಹೊಕ್ಕು ಗೊತ್ತಿದ್ದವರು ಯಾವ ಮಗ್ಗದ ಮೇಲೆ ಕೂತರೂ ನೇಯ್ತಾರೆ, ಅಲ್ವಾ? ಇನ್ನು, ಇದು ನನ್ನೊಬ್ಬನ ಹುಚ್ಚಲ್ಲ ಅಂತ ನಿಮಗೆ ಗೊತ್ತಾಗಬೇಕು. ಕಾಸರಗೋಡಿನ ಕನ್ನಡ ಶಾಲೆಗಳ ವಿಷಯ ಕೇಳಿದೀರಾ?

— ಕೇರಳಕ್ಕೆ ಸೇರಿಹೋಯ್ತಲ್ಲ, ಆ ಕಾಸರಗೋಡು?

— ಅದೇ. ಅಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಯೋಜನೆ ಶುರು ಮಾಡಿ ಕೆಲವೇ ವರ್ಷಗಳಲ್ಲಿ ಶಾಲೆಗಳನ್ನೆಲ್ಲ ಗ್ನೂ ಲಿನಕ್ಸಿಗೆ ತಿರುಗಿಸ್ತು. ಹತ್ತನೇ ತರಗತಿ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜತೆ ಕನ್ನಡದಲ್ಲೂ ಬರುತ್ತೆ. ಅಂದ್ರೆ ಲಿನಕ್ಸನ್ನ ಪಾಠವಾಗಿ ಕನ್ನಡದಲ್ಲಿ ಓದಿ, ಸರ್ಕಾರಿ ಲ್ಯಾಬಿನಲ್ಲಿ ಮಾಡಿ, ಪರೀಕ್ಷೆ ಬರೆದು ಪಾಸಾಗೋ ಮಕ್ಕಳು ಇದಾರೆ, ಗಡಿಯಾಚೆ. 2017ರಲ್ಲಿ ಆ ಯೋಜನೆ ಕೈಟ್ ಅನ್ನೋ ಸಂಸ್ಥೆ ಆಯ್ತು. ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಮುಕ್ತ ವ್ಯವಸ್ಥೆ ಹಾಕಿದ್ದರಿಂದ ಉಳಿಯೋ ಹಣ ಸುಮಾರು 3000 ಕೋಟಿ ರೂಪಾಯಿ ಅಂತ 2019ರಲ್ಲಿ ಅವರೇ ಲೆಕ್ಕ ಕೊಟ್ರು.

— ಅಲ್ಲಿಯ ಮಕ್ಕಳಿಗೆ ಕೆಲಸ ಸಿಗಲಿಲ್ಲ ಅಂತ ಯಾರೂ ಹೇಳಿಲ್ವಾ?

— ಇಲ್ಲ. ಆ ಮಕ್ಕಳು ನಮ್ಮ ಬೆಂಗಳೂರಿಗೇ ಬಂದು ಕೆಲಸ ಮಾಡ್ತಾರೆ.

— ನಮ್ಮ ಸರ್ಕಾರ ಏನೂ ಮಾಡಲಿಲ್ವಾ?

— ಪೂರಾ ಇಲ್ಲ ಅನ್ನೋಕಾಗಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಶಿಕ್ಷಕರ ತರಬೇತಿಯ ಸರ್ಕಾರಿ ಸಂಸ್ಥೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಅಂತ ನಡೆಸಿದ್ರು. ಗಣಿತ, ವಿಜ್ಞಾನ, ಸಮಾಜದ ಹೈಸ್ಕೂಲ್ ಮೇಷ್ಟ್ರುಗಳಿಗೆ ಉಬುಂಟು ಮೇಲೆ ತರಬೇತಿ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಪಾಠಗಳ ಭಂಡಾರ ಕಟ್ಟಿದ್ರು, ಮೇಷ್ಟ್ರುಗಳೇ ಬರೆದು ಸೇರಿಸೋ ಹಾಗೆ. ನಾನು ಲಿನಕ್ಸ್ ಮುಟ್ಟಿದ್ದು ಆ ತರಬೇತಿಲೇ. ಒಳ್ಳೆ ಕೆಲಸ. ಆದ್ರೆ ಅದು ಮೇಷ್ಟ್ರುಗಳ ಲ್ಯಾಪ್‌ಟಾಪಿನಿಂದ ಮಕ್ಕಳ ಲ್ಯಾಬಿಗೆ ಪೂರ್ತಿ ಇಳೀಲಿಲ್ಲ. ಇನ್ನೊಂದು ಕಡೆ, ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಪಕ್ಕದ ಒಂದು ಕೊಳೆಗೇರಿಲಿ 2008ರಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ತೆರೆದ್ರು. ಮುಕ್ತ ತಂತ್ರಾಂಶ ಚಳವಳಿಯ ಹುಡುಗ ಹುಡುಗಿಯರು, ಐಟಿ ಕೆಲಸದವರು, ಕಾಲೇಜಿನವರು ರಜಾದಿನ ಹೋಗಿ ಕಲಿಸಿದ್ರು. ಹಳೇ ಕಂಪ್ಯೂಟರುಗಳು, ಗ್ನೂ ಲಿನಕ್ಸ್. ಆ ಮಕ್ಕಳು ಗಿಂಪ್ ಅನ್ನೋ ತಂತ್ರಾಂಶದಲ್ಲಿ ಚಿತ್ರ ಬರೆದ್ರು, ದೊಡ್ಡವರು ಚಿಕ್ಕವರಿಗೆ ಕಲಿಸಿದ್ರು. ನನಗೆ ಬಹಳ ಹಿಡಿಸಿದ್ದು ಈ ಕೊನೇ ಸಂಗತಿ. ಕೇರಳದವರು 2018ರಲ್ಲಿ ಲಿಟ್ಲ್ ಕೈಟ್ಸ್ ಅಂತ ಮಕ್ಕಳ ಸಂಘಗಳನ್ನ ಮಾಡಿದ್ದೂ ಇದಕ್ಕೇ. ಲ್ಯಾಬ್ ನೋಡಿಕೊಳ್ಳೋದಕ್ಕೆ ಮಕ್ಕಳೂ ಕೈ ಹಾಕ್ತಾರೆ.

— ಅದಕ್ಕೇ ಹೇಳ್ತೀನಿ ಕೇಳಿ ಮೇಷ್ಟ್ರೇ. ನಿಮಗೆ ವರ್ಗ ಆಗ್ತೈತೆ. ಇವತ್ತಲ್ಲ ನಾಳೆ. ಬಂದ ಹೊಸಬರು ಇದೆಲ್ಲ ಯಾಕೆ ಅಂತ ಕಿತ್ತು ಹಾಕ್ತಾರೆ. ಆಗ?

ಈ ಪ್ರಶ್ನೆಯನ್ನು ನಾನು ನನಗೇ ಎಷ್ಟು ರಾತ್ರಿ ಕೇಳಿಕೊಂಡಿದ್ದೇನೋ. ಒಬ್ಬ ಮೇಷ್ಟ್ರ ಉತ್ಸಾಹದಿಂದ ಶುರುವಾಗಿ ಅವರ ವರ್ಗಾವಣೆ ಆದೇಶದ ಜತೆ ಮುಗಿದುಹೋದ ಕೆಲಸಗಳನ್ನು ಕಣ್ಣಾರೆ ಕಂಡವನು ನಾನು: ಶಾಲೆ ತೋಟ, ಗೋಡೆ ಪತ್ರಿಕೆ, ನಾಟಕದ ತಂಡ.

— ಆ ಭಯ ನನಗೂ ಇದೆ ಅಣ್ಣಾ. ಅದಕ್ಕೇ ಅನುಸ್ಥಾಪನೆ ಮಾಡೋದನ್ನ ನಾನು ಈಗ ಮುಟ್ಟೋದೇ ಇಲ್ಲ. ಮೊದಲೆರಡು ಕಂಪ್ಯೂಟರ್ ನಾನು ಮಾಡಿದೆ, ಮಕ್ಕಳು ನೋಡಿದ್ರು. ಆಮೇಲಿನವನ್ನ ಅವರು ಮಾಡಿದ್ರು, ನಾನು ನೋಡಿದೆ. ಒಂದು ಕಂಪ್ಯೂಟರಿಗೆ ಅರ್ಧ ಗಂಟೆ ಬೇಕು. ಡಿಸ್ಕಿನ ಯಾವ ಭಾಗ ಅಳಿಸೋದು ಅಂತ ಕೇಳೋ ಜಾಗದಲ್ಲಿ ಮಾತ್ರ ನಿಂತು, ಓದಿ, ಇಬ್ಬರು ಒಪ್ಪಿದ ಮೇಲೆ ಒತ್ತಬೇಕು ಅಂತ ಕಟ್ಟುಪಾಡು ಹಾಕಿದೀವಿ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದಾರೆ, ಕನ್ನಡದಲ್ಲಿ, ಅವರದೇ ಮಾತಲ್ಲಿ. ಯಾವ ಕಂಪ್ಯೂಟರ್ ಚಾಲೂ ಆಗುವಾಗ ಯಾವ ಕೀ ಒತ್ತಬೇಕು ಅನ್ನೋದೂ ಇದೆ. ಒಂಬತ್ತಕ್ಕೂ ಬೇರೆ ಬೇರೆ. ಒಂದರಲ್ಲಿ ಕನ್ನಡ ವಿಕಿಪೀಡಿಯಾವನ್ನ ಇಂಟರ್ನೆಟ್ ಇಲ್ಲದೆ ಓದೋ ಹಾಗೆ ಪೂರ್ತಿ ಇಳಿಸಿಟ್ಟಿದಾರೆ. ಇದನ್ನೆಲ್ಲ ಮಾಡಬಲ್ಲವರು ಮೂವರು ಹುಡುಗಿಯರು. ಒಬ್ಬಳು ರಾಂಪುರದ ಕಡೆಯಿಂದ ಬಸ್ಸಲ್ಲಿ ಬರ್ತಾಳೆ, ಮನೇಲಿ ತೆಲುಗು. ಒಬ್ಬಳ ಅಪ್ಪ ಶೇಂಗಾ ಬೆಳೆಯೋರು. ಇನ್ನೊಬ್ಬಳು ನಿಮ್ಮವಳು.

— ಅದು ನನಗೆ ಹೇಳಲೇ ಇಲ್ಲ ನೋಡಿ.

— ನೀವು ಬೈತೀರಿ ಅಂತಿತ್ತು ಅವಳಿಗೆ. ವಿಂಡೋಸ್ ತೆಗೆದದ್ದು ಸಾರ್ ಅಂತ ನಿಮಗೆ ಹೇಳಿದಾಳೆ. ಮೂರನೇ ಕಂಪ್ಯೂಟರಿಂದ ತೆಗೆದು ಹಾಕಿದ್ದು ಅವಳೇ.

ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಹಲಗೆ ತುಳಿದರು, ಲಾಳಿ ಹೋಗಿ ಬಂತು, ಜಕಾರ್ಡಿನ ಒಂದು ರಟ್ಟು ಸರಿದು ಮುಂದಿನದು ಬಂತು.

— ಒಳಗೆ ಒಂದು ಹಳೇ ಕಂಪ್ಯೂಟರೈತೆ ಮೇಷ್ಟ್ರೇ. ಆ ಕ್ಲಾಸಿನೋರ ಮಾತು ಕೇಳಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಈಗ ಏಳಲ್ಲ. ಅಂಚಿನ ಗ್ರಾಫು ಅದರಲ್ಲಿ ಬರೀಬಹುದಾ?

— ಚೌಕುಳಿ ಹಾಕಿ ಒಂದೊಂದು ಮನೆಗೂ ಬಣ್ಣ ತುಂಬಬಹುದು, ಗಿಂಪ್‌ನಲ್ಲಿ. ಡಿಸ್ಕ್ ಚೆನ್ನಾಗಿದ್ರೆ ಏಳುತ್ತೆ. ನಾನು ನೋಡಲ್ಲ, ಅವಳೇ ನೋಡ್ಲಿ.

— ಪೆನ್‌ಡ್ರೈವ್?

— ಅದು ಅವಳ ಬ್ಯಾಗಲ್ಲೇ ಇದೆ.

— ಲ್ಯಾಬು ನಾಳೆ ಐತಾ?

— ನಾಳೆ ಶನಿವಾರ, ಬೆಳಗಿನ ಶಾಲೆ. ಬಿಟ್ಟ ಮೇಲೆ ಮಕ್ಕಳು ಒಂದು ಗಂಟೆ ಕೂರ್ತಾರೆ, ಐದನೇ ತರಗತಿಯವರಿಗೆ ಕಲಿಸೋಕೆ. ನೀವೂ ಬನ್ನಿ, ಆ ರಟ್ಟಿನ ಸರ ಒಂದು ತಗೊಂಡು ಬನ್ನಿ. ನಾನು ಇರಲ್ಲ, ಬ್ಲಾಕ್ ಆಫೀಸಲ್ಲಿ ಮೀಟಿಂಗ್ ಇದೆ. ಲ್ಯಾಬಿನ ಬೀಗದ ಕೈ ಆ ಮೂವರ ಹತ್ರ ಇರುತ್ತೆ.